ಹಲಗೆ ಮೇಲಿನ ಹದಿನಾಲ್ಕು

ಮತ್ತೆ ಕರೆದ ನೋಡಿ. ಎರಡು ಮಾತು ಮುಗಿಸೋಕೆ ಬಿಡಲ್ಲ ಈ ಜನ. ಬಂದೆ ಕ್ಲೀಟಸ್, ಬಂದೆ. ನಿನ್ನ ಸಾಸಿವೆ ನಿನ್ನ ಮೊಣಕೈ ಪಕ್ಕದಲ್ಲೇ ಕೂತಿದೆ, ಕಣ್ಣು ಬಿಟ್ಟು ನೋಡು... ತಪ್ಪು ತಿಳೀಬೇಡಿ ವರ್ನಾ ಅಕ್ಕ. ಇದು ಮೂರನೇ ಸಲ. ನನ್ನ ಟ್ರೂಡಿಗೆ ಎರಡು ವರ್ಷ, ಅವಳೇ ವಾಸಿ, ಒಳಗೆ ಬಿಯರ್ ಪೆಟ್ಟಿಗೆ ಮಧ್ಯೆ ತೆಪ್ಪಗೆ ಮಲಗಿದಾಳೆ. ಇವರಿಗೆ ಅರವತ್ತಾದರೂ ಬಾಯಿಗೆ ತುರುಕಬೇಕು.

ಏನು ಹೇಳ್ತಿದ್ದೆ? ಹಾಂ, ಬರ್ಗರ್. ತಿನ್ನಿ ಅಕ್ಕ, ಆರಿ ಹೋಗುತ್ತೆ. ನಾರ್ಬರ್ಟ್ ಕೊನೇ ದಿನ ಏನು ತಿಂದ್ರೋ ಅದನ್ನೇ ಮಾಡಿಕೊಡು ಅಂದ್ರಲ್ಲ, ಅದನ್ನೇ ಮಾಡಿದೀನಿ. ಒಂದು ಮಾಂಸದ ಬಿಲ್ಲೆ, ಈರುಳ್ಳಿ ಒತ್ತಿ ಬೇಯಿಸಿದ್ದು, ಮೇಲೆ ಬೆಣ್ಣೆ. ಗಟ್ಟಿ ಬನ್ನು. ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಒಳಗಲ್ಲ, ಪಕ್ಕದಲ್ಲಿ. ಒಳಗಿಟ್ರೆ ಬನ್ನು ಅಳುತ್ತೆ ಅಂತಿದ್ರು ನಿಮ್ಮ ಯಜಮಾನರು. ತಟ್ಟೆ ಇಲ್ಲ, ಮೇಣದ ಕಾಗದ. ಈ ಪಬ್ಬು ಎವಾಲ್ಡ್ ಮುದುಕನ ಅಪ್ಪನ ಕೈಲಿದ್ದ ಕಾಲದಿಂದ ಹಾಗೇ. ಈ ಕಾವಲಿನೂ ಆಗಿನದೇ, ಸೋಪು ತಾಗಿಸಿದವರ ಕೈ ಮುರೀತೀನಿ ಅಂತಾನೆ ಮುದುಕ.

ನಗ್ತಿದೀರಾ? ಇಲ್ವಾ. ನನಗೆ ಹಾಗನ್ನಿಸ್ತು.

ನೀವು ಕೂತಿರೋದೂ ಅವರ ಜಾಗವೇ. ಕಿಟಕಿಯಿಂದ ಎರಡನೇ ಸ್ಟೂಲು. ಕೆರೆ ಕಾಣಬೇಕಿತ್ತು ಅವರಿಗೆ. ಈಗ ನೋಡಿ, ಐಸ್ ಮೇಲೆ ಮೀನು ಹಿಡಿಯೋರ ಒಂದು ಗುಡಿಸಲೂ ಇಲ್ಲ. ಹನ್ನೊಂದು ದಿನದ ಹಿಂದೆ ಇಪ್ಪತ್ತಿದ್ವು. ಅವರ ಪಿಕಪ್ ಹೊಳೆ ಬಾಯಿಯ ಹತ್ತಿರ ಐಸ್ ಒಡೆದು ಒಳಗೆ ಹೋದ ಮೇಲೆ ಎಲ್ಲರೂ ತಂತಮ್ಮದನ್ನ ದಡಕ್ಕೆ ಎಳಕೊಂಡು ಬಂದುಬಿಟ್ರು. ಮೂರು ದಿನ ಹುಡುಕಿದ್ರಲ್ಲ, ಆಗ ಪೂರ್ತಿ ಇಲ್ಲಿಂದಲೇ ಸೂಪು ಕಳಿಸ್ದೆ ಅವರಿಗೆಲ್ಲ. ನಿಮಗೆ ಯಾರಾದ್ರೂ ಹೇಳಿರಬೇಕು. ಹೇಳಲಿಲ್ವಾ? ಪರವಾಗಿಲ್ಲ.

ಅದೇನು, ಕೈಚೀಲದಿಂದ ತೆಗೀತಿರೋದು?

ಓ. ಷೆರಿಫ್ ಕೊಟ್ಟ ಪೊಲೀಸ್ ಕಾಗದ. ಎಣ್ಣೆ ಹತ್ತುತ್ತೆ, ಆ ಕಡೆ ಇಡಿ... ಇಲ್ಲ ಅಕ್ಕ, ನಾನು ಓದಬೇಕಾಗಿಲ್ಲ. ಅದರಲ್ಲಿರೋದು ನಾನು ಹೇಳಿದ್ದೇ. ಮೂರು ಬ್ರಾಂದಿ ಕುಡಿದಿದ್ರು, ಇವತ್ತು ಐಸ್ ಮೇಲೆ ಗಾಡಿ ಇಳಿಸಬೇಡಿ ಅಂತ ನಾನು ಎಚ್ಚರ ಹೇಳಿದೆ, ಅವರು ಕೇಳಲಿಲ್ಲ. ಅಷ್ಟೇ ತಾನೇ ಬರೆದಿರೋದು? ಬೆರಳಿಟ್ಟು ತೋರಿಸಬೇಡಿ, ನನಗೆ ಗೊತ್ತು ಎಲ್ಲಿದೆ ಅಂತ.

ನಿಮ್ಮ ಮಗಳ ವಿಷಯ ಕೇಳಿದೆ. ಅಪ್ಪನ ಫೋಟೋ ಗೋಡೆಯಿಂದ ಇಳಿಸಿಬಿಟ್ಟಳಂತೆ. ಇನ್ನು ಮುಟ್ಟಲ್ಲ ಅಂತ ಅವಳ ಕೈ ಹಿಡಿದು ಮಾತು ಕೊಟ್ಟು, ಕಡೆಗೆ ಕುಡಿದೇ ಸತ್ತ ಅಂತ ಮಣ್ಣಿಗೂ ಬರಲಿಲ್ಲವಂತೆ. ಕೇಳಿ ಬೇಜಾರಾಯ್ತು. ಆದ್ರೆ ನಾನೇನು ಮಾಡ್ಲಿ? ಕೇಳಿದ್ರು, ಹೇಳಿದೆ. ಚಿಕ್ಕ ವಯಸ್ಸು ಅವಳದು, ಬೇಸಿಗೆ ಹೊತ್ತಿಗೆ ಸರಿಹೋಗ್ತಾಳೆ. ಗಂಡಸರು ಮಾತು ಕೊಡೋದೇ ಹಾಗೆ. ನನ್ನ ಟ್ರೂಡಿ ಅಪ್ಪ ಕೊಟ್ಟ ಮಾತುಗಳನ್ನ ಒಟ್ಟುಮಾಡಿದ್ರೆ ಈ ಪಬ್ಬಿಗೆ ಇನ್ನೊಂದು ಮಾಳಿಗೆ ಕಟ್ಟಬಹುದು.

ತಲೆ ಯಾಕೆ ಅಲ್ಲಾಡಿಸ್ತೀರಿ?

ಬಿಟ್ಟಿದ್ರು, ಗೊತ್ತು. ನಾಲ್ಕು ವರ್ಷ ಮುಟ್ಟಿರಲಿಲ್ಲ. ನನಗೆ ಗೊತ್ತಿಲ್ವಾ ಅಕ್ಕ, ದಿನಾ ಅವರ ಕಾಫಿ ಬಗ್ಗಿಸ್ತಿದ್ದವಳು ನಾನು. ಆ ದಿನವೂ ಎರಡು ಸಲ...

ಬೇರೆ ದಿನದ ಮಾತು ಅದು. ಬೇರೆ ದಿನ. ಆ ದಿನ ಬ್ರಾಂದಿ. ಕಾಫಿನೂ ಇತ್ತು, ಬ್ರಾಂದಿನೂ ಇತ್ತು. ಮನುಷ್ಯ ಅಂದ ಮೇಲೆ ಒಂದು ದಿನ ಜಾರಬಹುದು. ನೀವು ಹಾಗೆ ನೋಡಬೇಡಿ. ಬೈಯಿರಿ ಬೇಕಾದ್ರೆ. ಕ್ಲೀಟಸ್ ಬೈತಾನೆ, ಎವಾಲ್ಡ್ ಬೈತಾನೆ, ನಾನು ಒಂದಕ್ಕೆ ಎರಡು ವಾಪಸ್ ಕೊಡ್ತೀನಿ, ಅಲ್ಲಿಗೆ ಮುಗೀತು. ಹೀಗೆ ಬಾಯಿಗೆ ಬೀಗ ಹಾಕಿ ಕೂತ್ರೆ ನಾನು ಏನಂತ ತಿಳೀಬೇಕು?

ತಿನ್ನಿ. ಒಂದು ತುತ್ತಾದ್ರೂ ತಿನ್ನಿ.

ಅದನ್ನ ಯಾಕೆ ನೋಡ್ತೀರಿ? ಅದು ಐಸ್ ಹಲಗೆ, ನಿಮಗೆ ಗೊತ್ತಿರೋದೇ. ಈ ಕೆರೆ ಸುತ್ತ ಯಾರೂ ಬೈರಿಗೆ ಹಿಡಿದು ಕೊರೆದು ನೋಡಲ್ಲ, ಇಲ್ಲಿ ಬಂದು ಹಲಗೆ ನೋಡ್ತಾರೆ. ಪಬ್ ತೆಗೆಯೋರು ಬೆಳಗ್ಗೆ ಹೋಗಿ ಮೂರು ಕಡೆ ಕೊರೆದು, ಕಡ್ಡಿ ಇಳಿಸಿ, ಎಷ್ಟು ಅಂಗುಲ ದಪ್ಪ ಇದೆ ಅಂತ ತಾರೀಖು ಹಾಕಿ ಸೀಮೆಸುಣ್ಣದಲ್ಲಿ ಬರೀಬೇಕು. ಎವಾಲ್ಡ್ ಮೂವತ್ತು ಚಳಿಗಾಲ ಬರೆದ. ಮಂಡಿ ಹೋದ ಮೇಲೆ ನನ್ನ ತಲೆಗೆ ಕಟ್ಟಿದ. ಆರು ಅಂದ್ರೆ ನಡ್ಕೊಂಡು ಹೋಗಿ. ಹದಿಮೂರು, ಹದಿನಾಲ್ಕು ಅಂದ್ರೆ ಪಿಕಪ್ಪೂ ಇಳಿಸಬಹುದು.

ಹೌದು, ಆ ದಿನ ಹದಿನಾಲ್ಕು ಅಂತಿತ್ತು.

ಎಚ್ಚರ ಹೇಳಿದವಳು ಹದಿನಾಲ್ಕು ಅಂತ ಯಾಕೆ ಬರೆದಳು ಅಂತ ತಾನೇ? ಬಾಯಿ ಬಿಟ್ಟು ಕೇಳಿ. ಷೆರಿಫ್ ಕೇಳಲಿಲ್ಲ. ಬರೋ ಹೊತ್ತಿಗೆ ನಾನು ಹಲಗೆ ಒರೆಸಿಬಿಟ್ಟಿದ್ದೆ. ಅವನು ಟೋಪಿ ತೆಗೆದು ಇಲ್ಲಿ ಇಟ್ಟ, ಅಷ್ಟೇ, ಇನ್ನೂ ಏನೂ ಕೇಳಿಲ್ಲ, ನಾನು ಬ್ರಾಂದಿ ಅಂದುಬಿಟ್ಟೆ. ನಾರ್ಬರ್ಟ್ ಹಳೇ ಕುಡುಕ ಅಂತ ಊರಿಗೆಲ್ಲ ಗೊತ್ತು. ತಲೆ ಆಡಿಸ್ಕೊಂಡು ಬರ್ಕೊಂಡ. ಎಷ್ಟು ಸುಲಭ ಆಯ್ತು ಅಂದ್ರೆ, ನನಗೇ ನಾಚಿಕೆ ಆಯ್ತು.

ಕೂತ್ಕೊಳ್ಳಿ ಅಕ್ಕ. ಏಳಬೇಡಿ. ಇವರ ಮುಂದೆ ಬೇಡ.

ಆ ದಿನಕ್ಕೆ ಮುಂಚೆ ಮೂರು ರಾತ್ರಿಯಿಂದ ಟ್ರೂಡಿಗೆ ಕಿವಿನೋವು. ಜ್ವರ. ಎತ್ಕೊಂಡು ತಿರುಗಿ ತಿರುಗಿ ನನ್ನ ಕಾಲು ನನ್ನವಲ್ಲ ಅನ್ನಿಸಿಬಿಟ್ಟಿತ್ತು. ಬೆಳಗ್ಗೆ ಕಣ್ಣು ಬಿಟ್ಟಾಗ ಎಂಟೂವರೆ. ಅವಳನ್ನ ಯಾರ ಹತ್ತಿರ ಬಿಟ್ಟು ಆ ಗಾಳಿಗೆ ಹೋಗ್ಲಿ? ಹಿಂದಿನ ದಿನ ಹದಿನಾಲ್ಕಿತ್ತು. ಒಂದೇ ದಿನದಲ್ಲಿ ಏನಾಗುತ್ತೆ ಅಂದ್ಕೊಂಡೆ. ದಕ್ಷಿಣದ ಗಾಳಿ ಬೀಸ್ತಿತ್ತು, ರಾತ್ರಿ ಮಳೆ ಬೇರೆ ಬಂದಿತ್ತು, ಇದು ಮಾರ್ಚ್, ಹೊಳೆ ಬಾಯಿಯಲ್ಲಿ ಐಸು ಕೆಳಗಿಂದ ಕೊರ್ಕೊಂಡು ಹೋಗುತ್ತೆ. ಇದೆಲ್ಲ ನಮಗೆ ಹಾಲು ಕುಡಿಯೋ ವಯಸ್ಸಿಂದ ಗೊತ್ತು. ಗೊತ್ತಿದ್ದೂ ತಾರೀಖು ಮಾತ್ರ ಒರೆಸಿ ಹೊಸದು ಬರೆದೆ. ಹದಿನಾಲ್ಕನ್ನ ಮುಟ್ಟಲಿಲ್ಲ.

ಎಚ್ಚರ ಹೇಳಲಿಲ್ಲ. ಬ್ರಾಂದಿ ಇರಲಿಲ್ಲ. ಎರಡು ಲೋಟ ಕಾಫಿ, ಇದೇ ಬರ್ಗರ್, ಪೂರ್ತಿ ತಿಂದ್ರು. ಮಗಳಿಗೆ ಪರ್ಚ್ ಮೀನು ಹಿಡ್ಕೊಂಡು ಹೋಗಬೇಕು, ಭಾನುವಾರ ಊಟಕ್ಕೆ ಬರ್ತಾಳೆ ಅಂದ್ರು.

ಅಳಿ. ಇಲ್ಲಾ ಒಂದು ಹೊಡೀರಿ. ಏನಾದ್ರೂ ಮಾಡಿ.

ನಾಳೆ ನಾನೇ ಷೆರಿಫ್ ಹತ್ತಿರ ಹೋಗ್ತೀನಿ. ಇಲ್ಲ, ಹಾಗಂತ ನಿಮಗೆ ಮಾತು ಕೊಡಲ್ಲ, ನನ್ನ ಮಾತಿಗೆ ಬೆಲೆ ಎಷ್ಟು ಅಂತ ನೋಡಿದ್ರಲ್ಲ. ಕೋಟು ಹಾಕ್ಕೊಳ್ಳಿ, ಈಗಲೇ ಹೋಗೋಣ. ಮೊದಲು ನಿಮ್ಮ ಮಗಳ ಮನೆಗೆ, ಆಮೇಲೆ ಅವನ ಹತ್ತಿರ. ಟ್ರೂಡಿಯನ್ನ ಎತ್ಕೊಂಡು ಬರ್ತೀನಿ. ಎವಾಲ್ಡ್ ಕೆಲಸದಿಂದ ತೆಗೀತಾನೆ, ತೆಗೀಲಿ. ಊರು ನನ್ನ ಮುಖಕ್ಕೆ ಉಗಿಯುತ್ತೆ, ಉಗೀಲಿ.

ಆದ್ರೆ ಒಂದು ನಿಮಗೆ ಹೇಳಿಯೇ ಏಳ್ತೀನಿ. ಷೆರಿಫ್‌ಗೆ ಇದು ಬೇಕಾಗಲ್ಲ, ನನಗೆ ಇದೊಂದೇ ನಿದ್ದೆ ಕೊಡ್ತಿಲ್ಲ. ತಿಂದು ಮುಗಿಸಿ ಬಾಯಿ ಒರೆಸ್ಕೊಂಡು ಹಲಗೆ ನೋಡಿದ್ರು. ಆಮೇಲೆ ಕಿಟಕಿ ಕಡೆ ನೋಡಿದ್ರು, ಸೂರಿಂದ ನೀರು ಇಳೀತಿತ್ತು. ಆಮೇಲೆ ನನ್ನ ಕಡೆ. ಅನುಮಾನ ಪಡೋ ಮುಖ ಅಲ್ಲ ಅಕ್ಕ. ಮಗು ಹೇಗಿದಾಳೆ ಅಂತ ಕೇಳೋ ಹಾಗೆ, ಅಷ್ಟು ಮೆಲ್ಲಗೆ ಕೇಳಿದ್ರು. ನಾನು ಬೆನ್ನು ತಿರುಗಿಸಿ, ಶುದ್ಧವಾಗಿದ್ದ ಕಾವಲಿಯನ್ನೇ ಕೆರೆಯೋಕೆ ಶುರು ಮಾಡಿದೆ. ಬಾಗಿಲು ಹಾಕಿದ ಸದ್ದು ಕೇಳೋವರೆಗೂ ಕೆರೀತಾನೇ ಇದ್ದೆ. ಅವರು ಕೇಳಿದ್ದು ಇಷ್ಟೇ:

"ಇದು ಇವತ್ತಿಂದಾ ಡೊರೀನ್, ನಿನ್ನೇದಾ?"