ಸೊಟ್ಟ ಸ್ಟೇರಿಂಗ್

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಬಂದ ಮೇಷ್ಟ್ರು ಗ್ಯಾರೇಜಿನ ಬೆಂಚಿನ ಮೇಲೆ ಪೇಪರು ಬಿಡಿಸಿ ಕೂತಿದ್ದರು. ಕಣ್ಣು ಪೇಪರಿನಲ್ಲಿ, ಕಿವಿಯೆಲ್ಲ ಪಕ್ಕದ ಹಳೇ ಕಾರಿನ ಹತ್ತಿರ. ಅಲ್ಲಿ ಮೆಕ್ಯಾನಿಕ್ಕು ಕಾರಿನ ಒಡತಿಗೆ ಹೇಳುತ್ತಿದ್ದ:

“ಮುಂದಿನ ಸ್ಪ್ರಿಂಗು, ಬುಷ್ಷು ಎಲ್ಲಾ ಹೊಸದು ಹಾಕಿದೀನಿ ಅಕ್ಕ. ಗುಂಡೀಲಿ ಇಳಿದ್ರೂ ಇನ್ನು ಸೊಂಟ ಹಿಡಿಯಲ್ಲ. ಅಲೈನ್‌ಮೆಂಟೂ ಆಯ್ತು. ಆದ್ರೆ...”

“ಆದ್ರೆ ಏನು?”

“ಚಕ್ರ ನೆಟ್ಟಗಿದೆ, ಸ್ಟೇರಿಂಗಿನ ಅಡ್ಡಪಟ್ಟಿ ಮಾತ್ರ ಬಲಕ್ಕೆ ವಾಲಿದೆ. ಯಾವ ಪುಣ್ಯಾತ್ಮ ಹೀಗೆ ಕೂರಿಸಿದ್ದು?”

“ನಿಮ್ಮಪ್ಪ.”

“ನಮ್ಮಪ್ಪನಾ? ಕೂದಲೆಳೆಯಷ್ಟು ಸೊಟ್ಟ ಇದ್ರೂ ನನ್ನ ಕಿವಿ ಹಿಂಡ್ತಿದ್ರು!”

“ನಮ್ಮಪ್ಪನ ಬಲಗೈ ಮೇಲಕ್ಕೆ ಏಳ್ತಿರಲಿಲ್ಲ. ಕೈಗೆ ಸಿಗ್ಲಿ ಅಂತ ನಿಮ್ಮಪ್ಪ ಪಟ್ಟೀನೇ ಕೆಳಗಿಳಿಸಿಕೊಟ್ರು. ಆಮೇಲೆ ಇಬ್ರೂ ಆ ಬೆಂಚಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು.”

ಮೇಷ್ಟ್ರು ತಮಗರಿವಿಲ್ಲದೆ ಬೆಂಚಿನ ತುದಿಗೆ ಸರಿದರು.

“ನಾನು ಓಡಿಸೋಕೆ ಕಲಿತಿದ್ದೂ ಹಾಗೇ,” ಎಂದಳು ಒಡತಿ. “ ಬೇರೆಯವರ ಕಾರೇ ಸೊಟ್ಟ ಅನ್ಸೋದು ನಂಗೆ.”

“ಹಾಗಾದ್ರೆ ಇರ್ಲಿ ಬಿಡ್ಲಾ ಅಕ್ಕ?”

ಅವಳು ವಾಲಿದ ಪಟ್ಟಿಯನ್ನೊಮ್ಮೆ ಸವರಿದಳು.

“ಬೇಡ, ನೆಟ್ಟಗೆ ಮಾಡು. ನಾಳೆಯಿಂದ ಮಗಳು ಕಲೀತಾಳೆ. ಅವಳ ಕೈ ಚೆನ್ನಾಗಿದೆ.”

ಮೆಕ್ಯಾನಿಕ್ಕು ನಟ್ಟು ಬಿಚ್ಚಿ, ಸ್ಟೇರಿಂಗು ಕಿತ್ತು, ನೆಟ್ಟಗೆ ಕೂರಿಸಿದ. “ಬೈಕೋಬೇಡಿ ಅಪ್ಪಾ,” ಎಂದು ಗೊಣಗಿದ್ದು ಬೆಂಚಿನವರೆಗೂ ಕೇಳಿಸಿತು.

ಕಾರು ಹೊರಟಾಗ ಮೇಷ್ಟ್ರು ಪೇಪರು ಇಳಿಸಿ ನೋಡಿದರು. ಅಡ್ಡಪಟ್ಟಿ ನೆಟ್ಟಗಿತ್ತು. ಅವಳ ಬಲಗೈ ಮಾತ್ರ ಇನ್ನೂ ಕೆಳಗೆ, ಮೊದಲು ಪಟ್ಟಿ ಇದ್ದ ಜಾಗದಲ್ಲೇ ಇತ್ತು.