ಒಳಗ ಯಾರರ ಇದ್ದೀರೇನು?

ನಗಬ್ಯಾಡ್ರಿ… ಹೌದು, ಶಾಹಿದ ಮಿಕ್ಸರ್ ಹಚ್ಚೋಕಿಂತ ಮೊದಲ ಅದರ ನೆತ್ತಿಮ್ಯಾಲ ಎರಡ್ ಸಲ ಬಡದು, "ಒಳಗ ಯಾರರ ಇದ್ದೀರೇನು?" ಅಂತ ಕೇಳ್ತಾನ. ಫ್ರಿಜ್ಜಿಗೂ ಕೇಳ್ತಾನ. ಹುಚ್ಚಲ್ಲ. ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ನಮ್ದು, ಹುಚ್ಚಿದ್ರ ಮೊದಲ ನಮಗ ಗೊತ್ತಾಗ್ತಿತ್ತು. ಕುಂದರ್ರಿ, ಹೇಳ್ತೇನಿ. ಸಣ್ಣ ದನೀಲೆ ಹೇಳ್ತೇನಿ, ಅವ ಇನ್ನಾ ಎಚ್ಚರ ಇರ್ತಾನ.

ಜೇವರ್ಗಿ ಕಡೆ ಒಂದು ಬ್ಯಾಳಿ ಮಿಲ್. ಹೆಸರ ಬ್ಯಾಡ, ಅವನಿಗೆ ಮುಂದ ಕೆಲಸ ಸಿಗಂಗಿಲ್ಲ. ಅಲ್ಲಿ ಬ್ರೇಕರ್ ಟೆಸ್ಟ್ ಮಾಡಾಕ ಹೋಗಿದ್ದ. ಬ್ರೇಕರ್ ಅಂದ್ರ ಆಳೆತ್ತರದ ಕಬ್ಬಿಣದ ಕಪಾಟ. ಮುಂದ ಲೈನ್, ಅಂದ್ರ ಕರೆಂಟ್, ಹಾಕೋ ಹ್ಯಾಂಡಲ್, ಹಿಂದ ಒಂದು ಬಾಗಲ. ಎರಡಕ್ಕೂ ಒಂದ ಚಾವಿ. ಹಿಂದಿನ ಬಾಗಲ ತಗದ್ರ ಚಾವಿ ಅಲ್ಲೇ ಸಿಗೇಬೀಳ್ತದ. ಚಾವಿ ಇಲ್ಲಂದ್ರ ಮುಂದಿನ ಹ್ಯಾಂಡಲ್ ಅಲುಗಾಡಂಗಿಲ್ಲ. ಅಂದ್ರ ಚಾವಿ ನಿನ್ನ ಕೈಯಾಗ ಅದ ಅಂದ್ರ… ಒಳಗ ಯಾರೂ ಇಲ್ಲ. ಇದಕ್ಕ ಇಂಟರ್‌ಲಾಕ್ ಅಂತಾರ. ಶಾಹಿದನ ಕೆಲಸ ಇದಕ್ಕ ಮೋಸ ಮಾಡಾಕ ನೋಡೋದು. ಮೋಸ ಆಗಲಿಲ್ಲಂದ್ರ ಪಾಸ್ ಅಂತ ಸಹಿ ಹಾಕೋದು.

ಅವನಿಗೆ ಈ ಕೆಲಸ ಕಲಿಸಿದವ ಮಲ್ಕಪ್ಪ ಮೇಸ್ತ್ರಿ. ದವಡ್ಯಾಗ ಯಾವಾಗ್ಲೂ ತಂಬಾಕ, ಅರ್ಧ ಮಾತು ನುಂಗಿ ಅರ್ಧ ಹೊರಗ ಬಿಡ್ತಿದ್ದ. ಒಂದ್ ಕಾಲ್ ಎಳದು ನಡೀತಿದ್ದ. ಚಾವಿ ಕೈಯಾಗಿದ್ರೂ ಮುದುಕ ಕಪಾಟ ಬಡದು ಕೇಳ್ತಿದ್ದ, "ಒಳಗ ಯಾರರ ಇದ್ದೀರೇನು?" ಎಲ್ಲಾರೂ ನಗೋರು. ಮೂರ್ ವರ್ಷದ ಹಿಂದ ತೀರಿಕೊಂಡ. ಕರೆಂಟಿಗೆ ಅಲ್ರಿ… ಮನ್ಯಾಗ, ನಿದ್ದ್ಯಾಗ.

ಅವತ್ತ ಮಿಲ್ ಬಂದ್ ಆದ ಮ್ಯಾಲೆನ ಟೆಸ್ಟಿಂಗ್. ಎಂಟೂವರಿಗೆ ಎಲ್ಲಾ ಪಾಸ್. ಲೈನ್ ಹಾಕೋದಷ್ಟ ಉಳದಿತ್ತು. ಮಿಲ್ಲಿನ ಫಿಟ್ಟರ್ ದಶರಥ ಕಾಣವಲ್ಲ, ಊಟಕ್ಕ ಹೋಗಿರಬೇಕು ಅಂದ್ಕೊಂಡ. ನಮ್ಮೂರು ನೆಲೋಗಿಗೆ ಕಡೀ ಬಸ್ಸಿನ ಟೈಮ್ ಬ್ಯಾರೆ ಆಗಿತ್ತು. ಶಾಹಿದ ಚಾವಿ ಹಾಕಿ ತಿರವಿದ. ಕಟ್… ಹ್ಯಾಂಡಲ್ ಲಾಕ್ ಬಿಟ್ಟಿತು. ಕೈ ಇಟ್ಟ. ರೂಢಿ ನೋಡ್ರಿ, ಸುಮ್ನ ಕಪಾಟ ಬಡದ. ಟಕ್… ಟಕ್.

"ಒಳಗ ಯಾರರ ಇದ್ದೀರೇನು?"

ಒಳಗಿಂದ ಗಂಟಲ ಸರಿಮಾಡ್ಕೊಂಡಂಗ… ಖರ್ರ್…

"ಇದ್ದೇನಿ… ತಡಿ."

ಶಾಹಿದ ಹ್ಯಾಂಡಲ್ ಬಿಟ್ಟು ಹಿಂದ ಓಡಿದ. ಬಾಗಲ ತಗದದ! ಬಾಗಲದಾಗ ಹೊಸ ಪಳಪಳ ಚಾವಿ. ಒಳಗ ದಶರಥ, ಸೊಂಟದ ಮಟಾ ಬಗ್ಗಿ, ಲೈನ್ ಹರಿಯೋ ತಾಮ್ರದ ಪಟ್ಟಿ ಹತ್ರ ಕೈ ಚಾಚ್ಯಾನ. ಶಾಹಿದ ಅಂಗಿ ಹಿಡದು ಜಗ್ಗಿದ.

"ಸಾಯಾಕ ಬಂದೀ ಏನಲೇ ಇಲ್ಲಿ!"

ದಶರಥ ಕಿವಿಯಾಗಿನ ಇಯರ್‌ಫೋನ್ ತಗದ. "ಏನಾತು ಶಾಹಿದ ಭಾಯಿ? ವೈರ್ ಹಿಡಿಯೋ ಪಕ್ಕಡ ಒಳಗ ಬಿಟ್ಟಿದ್ದೆ."

"ಈ ಚಾವಿ?"

"ಆಳಂದ ಬಸ್ ಸ್ಟ್ಯಾಂಡ್ ಮುಂದ ಮಾಡಿಸಿದ್ದು. ಒಂದ ಚಾವಿಗೆ ಎಷ್ಟಂತ ಹಿಂದ-ಮುಂದ ಅಡ್ಡಾಡೋದು?"

ಶಾಹಿದನ ದನಿ ಇಳೀತು. "ಈಗ… ಇದ್ದೇನಿ, ತಡಿ ಅಂದವ ನೀನೇನು?"

"ನನಗ ಏನೂ ಕೇಳಿಸೇ ಇಲ್ಲ ಭಾಯಿ. ಹಾಡ ಹಚ್ಚಿದ್ದೆ."

ಶಾಹಿದ ಕಪಾಟದಾಗ ತಲಿ ಹಾಕಿ ನೋಡಿದ. ಒಳಗ ಗಮ್ಮಂತ ತಂಬಾಕಿನ ವಾಸನಿ. ದಶರಥ ಗುಟ್ಕಾ ಸೈತ ತಿನ್ನಂಗಿಲ್ಲ.

ಲೈನ್ ಹಾಕಲಿಲ್ಲ. ರಿಪೋರ್ಟಿನ್ಯಾಗ ಪಾಸ್ ಅನ್ನೋದನ್ನ ಹೊಡದು ಹಾಕಿ ಫೇಲ್ ಅಂತ ಬರದ. ಯಾಕ ಅನ್ನೋ ಜಾಗದಾಗ 'ಎರಡನೇ ಚಾವಿ' ಅಂತ ಬರದ. ಹೆಂಗ ಗೊತ್ತಾತು ಅನ್ನೋ ಜಾಗ ಖಾಲಿ ಬಿಟ್ಟ. ಆ ಹೊಸ ಚಾವಿ ಕಿಸೇದಾಗ ಇಟ್ಕೊಂಡು ಬಸ್ ಹತ್ತಿದ.

ನೆಲೋಗಿ ಕ್ರಾಸಿನ್ಯಾಗ ಇಳದವ ಇವ ಒಬ್ಬನ. ಹಳೀ ಬಾವಿ ಹತ್ರ ಬಂದಾಗ ಹಿಂದ ಚಪ್ಪಲಿ ಸಪ್ಪಳ. ಚಟ್… ಸರ್ರ್… ಚಟ್… ಸರ್ರ್… ಒಂದ್ ಕಾಲ್ ಎಳದಂಗ. ತಿರುಗಿ ನೋಡಿದ. ಯಾರೂ ಇಲ್ಲ. ಕಿಸೇದಾಗಿನ ಚಾವಿ ತಗದು ಬಾವ್ಯಾಗ ಒಗದ. ಡುಬುಕ್… ಸಪ್ಪಳ ನಿಂತಿತು. ಆಮ್ಯಾಲ… ಚಟ್… ಸರ್ರ್… ಇವನ ಬಾಜೂಕಿಂದ ದಾಟಿ ಮುಂದ ಹೋತು. ಊರ ಕಡೆ.

ಓಣಿ ತುಂಬ ಲೈಟ್. ಶಾಹಿದನ ಮನಿ ಒಂದ ಕತ್ತಲ. ಸುಳ್ಳಂದ್ರ ನನ್ನ ಹೆಂಡತಿನ್ನ ಕೇಳ್ರಿ, ಆವಾಗ ನಮ್ಮ ಮನ್ಯಾಗ ಫ್ಯಾನ್ ತಿರಗಾಕತ್ತಿತ್ತು. ಅವನ ಮನಿ ಬಾಗಲ ಬಡದಿದ್ದು ನನಗೂ ಕೇಳಿಸೇದ, ಎರಡ್ ಸಲ… ಅವ ಬರೋಕಿಂತ ಮೊದಲ.

ಅವನ ಹೆಂಡತಿ ತಸ್ಲೀಮ ಮೊಬೈಲಿನ ಲೈಟ್ ಹಿಡಕೊಂಡು ಬಾಗಲ ತಗದ್ಳು. ಸಣ್ಣ ದನೀಲೆ ಅಂದ್ಳು:

"ಈಗ ಯಾರೋ ಅಜ್ಜ ಬಂದಿದ್ರು. ಒಳಗ ಯಾರರ ಇದ್ದೀರೇನು ಅಂತ ಕೇಳಿದ್ರು. ಇದ್ದೇವ್ರಿ ಅಂದೆ. ಹಂಗಾದ್ರ ಲೈನ್ ಇರಬಾರದು ತಗೋವ್ವಾ, ಅಂದು ಹೋದ್ರು… ಅವಾಗಿಂದ ನಮ್ಮ ಮನಿಗಷ್ಟ ಕರೆಂಟಿಲ್ಲ ನೋಡ್ರಿ."