ಕುಡಿತ ಬಿಟ್ಟಿದ್ದ ನೋಣಯ್ಯ ಕುಡಿದ ಬಗ್ಗೆ

ಹೆಸರು ಹೇಮಾಕ್ಷಿ, ಗಂಡನ ಹೆಸರು ನೋಣಯ್ಯ, ಪ್ರಾಯ ಮೂವತ್ತೆರಡು, ಬೀಡಿ ಕಟ್ಟುವ ಕೆಲಸ, ವಾಸ ಮಂಗಳೂರು ಜೆಪ್ಪು. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಹಂಚಿನ ಕಾರ್ಖಾನೆಯ ಕೆಲಸಗಾರ. ಎಂಟು ವರ್ಷಗಳಿಂದ ಕಳ್ಳಭಟ್ಟಿ ಕುಡಿಯುತ್ತಿದ್ದರು. ಫಳ್ನೀರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಚಿತ್ತರಂಜನರು ಕುಡಿತ ಬಿಡಿಸುವ ಮಾತ್ರೆಯ ಸಂಶೋಧನೆ ಮಾಡುತ್ತಿದ್ದಾರೆಂದು ನೆರೆಮನೆಯ ಶೀನಪ್ಪಣ್ಣ ಹೇಳಿದ ಮೇರೆಗೆ, 22-9-1962ನೇ ಶನಿವಾರ ನಾನೇ ಗಂಡನನ್ನು ಕರೆದುಕೊಂಡು ಹೋಗಿದ್ದು ಇರುತ್ತದೆ. ಪ್ರತಿ ಶನಿವಾರ ರಕ್ತ ತೆಗೆದು, ವಾರದ ಮಾತ್ರೆ ಕೊಟ್ಟು, ಆ ದಿನ ತಪ್ಪಿದ ಕೂಲಿಗೆ ಬದಲಾಗಿ ಎರಡು ರೂಪಾಯಿ ಕೊಡುತ್ತಿದ್ದರು. ಏಳು ವಾರ ಗಂಡ ಕುಡಿಯಲಿಲ್ಲ. ನಾಲ್ಕನೇ ವಾರ ಊಟಕ್ಕೆ ಕುಳಿತಾಗ ಮೀನಿನ ಸಾರಿಗೆ ಉಪ್ಪು ಕಡಿಮೆ ಎಂದರು. ಅದಕ್ಕೆ ಮೊದಲು ಅವರು ರುಚಿಯ ಮಾತೆತ್ತಿದ್ದೇ ಇಲ್ಲ.

10-11-1962ರಂದು ಕ್ಲಿನಿಕ್ಕಿನ ಗುಮಾಸ್ತ ಬಾಸಿಲ್ ಎಂಬವರು ಮಾತ್ರೆಯ ಪರೀಕ್ಷೆ ಮುಗಿಯಿತೆಂದೂ, ಮುಂದಿನ ಶನಿವಾರ ಬೇರೆ ಪರೀಕ್ಷೆ ಇದೆಯೆಂದೂ, ಕುಡಿದ ಎರಡು ಗಂಟೆಯೊಳಗೆ ಬಂದು ರಕ್ತ ಕೊಟ್ಟವರಿಗೆ ಐದು ರೂಪಾಯಿ ಎಂದೂ ಗಂಡನಿಗೆ ಹೇಳಿದರು. ನಾನು ಬಾಗಿಲಲ್ಲಿದ್ದೆನು.

"ಈಗ ಬಿಟ್ಟದ್ದಷ್ಟೆ ಮಾರಾಯ್ರೆ, ಇವರ ಹತ್ರ ಅದನ್ನು ಹೇಳ್ಬೇಡಿ" ಎಂದು ಬಾಸಿಲರಿಗೆ ಹೇಳಿದೆನು. ಒತ್ತಾಯ ಯಾರಿಗೂ ಇಲ್ಲ, ಬಂದವರಿಗೆಲ್ಲ ತಿಳಿಸುವುದು ತನ್ನ ಕೆಲಸ ಎಂದು ಬಾಸಿಲ್ ಹೇಳಿದರು.

ಇಂದು ಬೆಳಿಗ್ಗೆ 7 ಗಂಟೆಗೆ ಗಂಡ ಕಾರ್ಖಾನೆಗೆಂದು ಹೊರಟರು. 11-15ಕ್ಕೆ ಶೀನಪ್ಪಣ್ಣ ಬಂದು, ಅವರನ್ನು ಕ್ಲಿನಿಕ್ಕಿನ ಬೆಂಚಿನಲ್ಲಿ ಕಂಡೆನೆಂದು ತಿಳಿಸಿದರು. ಒಂದೂವರೆ ಮೈಲು ನಡೆದು 11-45ಕ್ಕೆ ತಲುಪಿದೆನು. ಗಂಡನ ಮೊಣಕೈಯಲ್ಲಿ ಹತ್ತಿ ಇತ್ತು, ಬಾಯಿಂದ ವಾಸನೆ ಬರುತ್ತಿತ್ತು. ಮುಖ ಎತ್ತದೆ ಐದರ ನೋಟನ್ನು ನನ್ನತ್ತ ಚಾಚಿದರು. ನೋಟನ್ನು ಬಾಸಿಲರ ಮೇಜಿನ ಮೇಲಿಟ್ಟು, ಇವರ ಹೆಸರು ಹೊಡೆದುಹಾಕಿ ಎಂದೆನು. ಪುಸ್ತಕದಲ್ಲಿ ಹೆಸರಿಲ್ಲ, ನಂಬರು ಮಾತ್ರ. ಮಾತ್ರೆಯ ಪರೀಕ್ಷೆಯಲ್ಲಿ ಇವರು ಹದಿನಾಲ್ಕು, ಈ ಪರೀಕ್ಷೆಯಲ್ಲಿ ಮೂರು ಎಂದು ಬಾಸಿಲ್ ಹೇಳಿದರು. ಡಾಕ್ಟರರು ಹೊರಬಂದು, ಎರಡೂ ನಂಬರು ಒಬ್ಬನದೇ ಎಂದು ತನಗೆ ಗೊತ್ತಿರಲಿಲ್ಲವೆಂದು ಹೇಳಿದರು. ನಾನು ಪುಸ್ತಕವನ್ನು ಎತ್ತಿಕೊಂಡೆನು, ಕೇಳಿದರೂ ಕೊಡಲಿಲ್ಲ. ಬಾಸಿಲ್ ಪೊಲೀಸರಿಗೆ ಫೋನು ಮಾಡಿದರು.

12-20ಕ್ಕೆ ಕಾನ್‌ಸ್ಟೇಬಲ್ ಬಂದಾಗ ಪುಸ್ತಕ ಒಪ್ಪಿಸಿದೆನು. ಅವರು ಗಂಡನ ಬಾಯಿ ಮೂಸಿ ನೋಡಿ, ಪಾನನಿರೋಧ ಕಾನೂನಿನಂತೆ ಠಾಣೆಗೆ ಹಿಡಿದುಕೊಂಡು ಬಂದರು. ಪರೀಕ್ಷೆಗಾಗಿಯೇ ಕುಡಿದದ್ದೆಂದು ಡಾಕ್ಟರರು ಕಾಗದ ಬರೆದುಕೊಟ್ಟರು. ಅದನ್ನು ನಾನು ತಂದು ಕೊಟ್ಟಾಗ, ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರು, ಕುಡಿದದ್ದಕ್ಕೆ ಇದೊಂದು ಸಾಕ್ಷಿ ಸಿಕ್ಕಿತೆಂದು ಫೈಲಿಗೆ ಸೇರಿಸಿದರು.

ನಿನ್ನ ದೂರು ಯಾರ ಮೇಲೆ ಎಂದು ಅವರು ನನ್ನನ್ನು ಕೇಳಿದರು.

"ಕುಡಿದವರನ್ನು ಹಿಡಿದಿರಿ. ಕುಡಿದು ಬಾ ಅಂತ ದುಡ್ಡು ಕೊಟ್ಟವರನ್ನು ಎಂತ ಮಾಡ್ತೀರಿ?" ಎಂದೆನು.

ರೈಟರು ಪೆನ್ನು ಕೆಳಗಿಟ್ಟರು. ಹಾಗಾದರೆ ನನ್ನ ಪ್ರಶ್ನೆಯನ್ನಾದರೂ ಬರೆಯಿರಿ ಎಂದು ಕೇಳಿಕೊಂಡ ಮೇರೆಗೆ ಬರೆಯಲಾಗಿದೆ.

ಓದಿ ಹೇಳಿದ್ದನ್ನು ಪೂರ್ತಿ ಕೇಳಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಅದು ಸತ್ಯ.

ಮಂಗಳೂರು
17-11-1962, ಮಧ್ಯಾಹ್ನ 2-40
ಹೇಮಾಕ್ಷಿಯ ಎಡಗೈ ಹೆಬ್ಬೆಟ್ಟಿನ ಗುರುತು